ಒಂದೇ ಪಂಕ್ತಿಯಲ್ಲಿ ಉಂಡವರು: ಕೊಯ್ನೋನಿಯಾ ಫಾರ್ಮ್

ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಪಟ್ಟಣದ ಬಳಿ 440 ಎಕರೆ ಸವಕಲು ಜಮೀನು. 1942ರಲ್ಲಿ ಅಲ್ಲಿ ಕೊಯ್ನೋನಿಯಾ ಫಾರ್ಮ್ ಎಂದು ಬೇಸಾಯಕ್ಕಿಳಿದವರು ಕ್ಲಾರೆನ್ಸ್ ಮತ್ತು ಫ್ಲಾರೆನ್ಸ್ ಜೋರ್ಡನ್ ಹಾಗೂ ಬರ್ಮಾದಲ್ಲಿ ಮಿಷನರಿಗಳಾಗಿದ್ದ ಮಾರ್ಟಿನ್ ಮತ್ತು ಮೇಬಲ್ ಇಂಗ್ಲೆಂಡ್ ದಂಪತಿ. ಕ್ಲಾರೆನ್ಸ್ ಕೃಷಿ ಪದವೀಧರ; ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಡಾಕ್ಟರೇಟ್ ಪಡೆದವರು. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಭಾಗದಲ್ಲಿ ಓದಿದ ಅನ್ಯೋನ್ಯ ಬದುಕನ್ನು ಹೊಲದಲ್ಲಿ ಬಾಳಿ ನೋಡುವುದು ಅವರ ಹಟ.

ಕರಿಯರಿಗೂ ಬಿಳಿಯರಿಗೂ ಒಂದೇ ಕೂಲಿ, ಒಂದೇ ಊಟದ ಮೇಜು. ಪಂಕ್ತಿಭೇದ ಕಂಡ ನಮಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ. ದಕ್ಷಿಣದ ಬಿಳಿಯರು ಕೂಲಿಯಾದರೂ ಸಹಿಸಿಯಾರು, ಮೇಜನ್ನು ಸಹಿಸಲಿಲ್ಲ.

1950ರಲ್ಲಿ ತೋಟದವರು ತಮ್ಮ ಚರ್ಚಿನ ಆರಾಧನೆಗೆ ಒಬ್ಬ ಭಾರತೀಯ ವಿದ್ಯಾರ್ಥಿಯನ್ನು ಕರೆದೊಯ್ದರು. ಕೃಷಿ ಓದುತ್ತಿದ್ದ ಆತನಿಗೆ ಕ್ರೈಸ್ತ ಆರಾಧನೆ ನೋಡುವ ಆಸೆ. ಮೈಬಣ್ಣ ಕಪ್ಪೆಂಬುದೇ ಸಭೆಗೆ ಸಾಕಾಯಿತು. ಕೊಯ್ನೋನಿಯಾದವರನ್ನು ರೆಹೋಬೋತ್ ಬ್ಯಾಪ್ಟಿಸ್ಟ್ ಚರ್ಚ್ ಸದಸ್ಯತ್ವದಿಂದ ಹೊರಹಾಕಿತು. ದೇವರ ಮನೆಯಲ್ಲೇ ನಡೆದ ಈ ಬಹಿಷ್ಕಾರ ಮುಂದಿನ ಗುಂಡುಗಳಿಗಿಂತ ದೊಡ್ಡ ಅಪರಾಧವೆಂದೇ ನನ್ನ ಭಾವನೆ.

1956ರಲ್ಲಿ, ಕರಿಯ ವಿದ್ಯಾರ್ಥಿಗಳ ಕಾಲೇಜು ಅರ್ಜಿಗೆ ಕ್ಲಾರೆನ್ಸ್ ನೆರವಾಗಲು ಮುಂದಾದ ಮೇಲೆ, ಊರೇ ತಿರುಗಿ ಬಿತ್ತು. ಗೊಬ್ಬರ, ಬೀಜ, ಇಂಧನ ಮಾರುವವರಿಲ್ಲ. ಮೊಟ್ಟೆ ಕೊಳ್ಳುವವರಿಲ್ಲ. ವಿಮೆ ರದ್ದಾಯಿತು. ರಸ್ತೆ ಬದಿಯ ಅವರ ಅಂಗಡಿಗೆ ಬಾಂಬ್ ಬಿತ್ತು. ರಾತ್ರಿ ಓಡುವ ಕಾರುಗಳಿಂದ ಮನೆಗಳ ಮೇಲೆ ಗುಂಡು ಹಾರುತ್ತಿತ್ತು. 1957ರಲ್ಲಿ ಜೊತೆಗೆ ನಿಲ್ಲಲು ಬಂದ ಕ್ಯಾಥೊಲಿಕ್ ಕಾರ್ಯಕರ್ತೆ ಡೊರೊಥಿ ಡೇ ರಾತ್ರಿ ಕಾವಲಿಗೆ ಕುಳಿತಿದ್ದ ಕಾರಿಗೂ ಗುಂಡು ತಗುಲಿತು. ತೋಟದವರು ಆಯುಧ ಹಿಡಿಯಲಿಲ್ಲ, ತೋಟ ಕೈಬಿಡಲೂ ಇಲ್ಲ. ಸ್ಥಳೀಯ ಪೇಟೆ ಮುಚ್ಚಿದಾಗ ಪೆಕಾನ್ ಬೀಜಗಳನ್ನು ಅಂಚೆಯಲ್ಲಿ ದೇಶದ ಉದ್ದಗಲಕ್ಕೆ ಮಾರಿ ಬದುಕಿದರು. ಆದರೂ ಹೆದರಿ, ಬಳಲಿ ಹೊರಟುಹೋದವರು ಬಹಳ. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಆ ವರ್ಷಗಳಲ್ಲೇ ಕ್ಲಾರೆನ್ಸ್ ಹೊಸ ಒಡಂಬಡಿಕೆಯ ಬಹುಭಾಗವನ್ನು ಜಾರ್ಜಿಯಾದ ಹಳ್ಳಿಮಾತಿಗೆ ತಂದು, ಅದರ ಘಟನೆಗಳನ್ನು ಹತ್ತಿ ಹೊಲಗಳ ಸೀಮೆಯಲ್ಲೇ ನಡೆಸಿದರು. 1968ರಲ್ಲಿ ಉದ್ಯಮಿಯಾಗಿದ್ದ ಮಿಲರ್ಡ್ ಫುಲರ್ ಜೊತೆ ಸೇರಿ, ಬಡವರಿಗೆ ಲಾಭವಿಲ್ಲದೆ, ಬಡ್ಡಿಯಿಲ್ಲದೆ ಮನೆ ಕಟ್ಟಿಕೊಡುವ ಯೋಜನೆ ಆರಂಭಿಸಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಕ್ಲಾರೆನ್ಸ್ ತೀರಿಕೊಂಡರು. ಸಾದಾ ಮರದ ಪೆಟ್ಟಿಗೆಯಲ್ಲಿಟ್ಟು ತೋಟದಲ್ಲೇ, ಗುರುತುಕಲ್ಲಿಲ್ಲದೆ ಮಣ್ಣು ಮಾಡಿದರು. ಅದೇ ಮನೆಗಳ ಯೋಜನೆಯಿಂದ 1976ರಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆ ಹುಟ್ಟಿತು. ಅದು ಭಾರತದಲ್ಲೂ ಮನೆ ಕಟ್ಟಿದೆ.