ಅಜ್ಜಿಯ ಪಂಚಾಂಗದಲ್ಲಿ ಕಾಚಿಗೂಡ

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಒಂದು ತಮಾಷೆ ಇದೆ. ನಮ್ಮ ಹಿರಿಯ ಗ್ರಾಹಕರಲ್ಲಿ ಬಹಳಷ್ಟು ಜನ ಜನವರಿ ಒಂದರಂದೇ ಹುಟ್ಟಿದವರು! ಹುಟ್ಟಿದ ದಿನಕ್ಕೆ ಕಾಗದಪತ್ರ ಇಲ್ಲದಿದ್ದರೆ ಅರ್ಜಿ ತುಂಬುವವರು ಹಾಗೆ ಬರೆದುಬಿಡುತ್ತಾರೆ. ನಮ್ಮ ಅಜ್ಜಿಯ ಕಾರ್ಡಿನಲ್ಲೂ ಅದೇ ತಾರೀಖು ಇತ್ತು. ಅಜ್ಜಿಯನ್ನೇ ಕೇಳಿದರೆ ಮಾತ್ರ ಉತ್ತರ ಬೇರೆ: "ದುಂದುಭಿ ಸಂವತ್ಸರ, ತುಳಸಿ ಲಗ್ನದ ದಿನಾ." ಲೆಕ್ಕ ಹಾಕಿದರೆ 1922ನೇ ಇಸವಿ, ದೀಪಾವಳಿ ಕಳೆದು ಹತ್ತು ಹನ್ನೆರಡು ದಿನ. ಕಾರ್ಡಿಗಿಂತ ಅಜ್ಜಿಯ ಲೆಕ್ಕವೇ ಗಟ್ಟಿ.

ನಿಜಾಮರ ಕಾಲದ ಹೈದರಾಬಾದಿನಲ್ಲಿ ವರ್ಷ ಎಣಿಸುವುದಕ್ಕೆ ಮೂರು ದಾರಿಗಳಿದ್ದವು. ಸರ್ಕಾರಿ ಕಾಗದಗಳಲ್ಲಿ ಫಸಲಿ. ಅದಕ್ಕೆ 590 ಕೂಡಿಸಿದರೆ ಹೆಚ್ಚು ಕಡಿಮೆ ಇಂಗ್ಲಿಷ್ ಇಸವಿ ಸಿಗುತ್ತದೆ. ಇನ್ನೊಂದು ಆ ಇಂಗ್ಲಿಷ್ ಇಸವಿಯೇ. ಮೂರನೆಯದು ಮನೆಯೊಳಗಿನ ಪಂಚಾಂಗ. ಅಜ್ಜಿಗೆ ಮೊದಲಿನ ಎರಡೂ ಬೇಕಾಗಿರಲಿಲ್ಲ. ಶಾಲೆಗೆ ಹೋದವರಲ್ಲ, ಉರ್ದು ಬರುತ್ತಿರಲಿಲ್ಲ. ಆದರೆ ನಮ್ಮ ಮನೆತನದ ಇತಿಹಾಸ ಇವತ್ತು ನನಗೆ ಗೊತ್ತಿದ್ದರೆ ಅದು ಅವರ ಹಬ್ಬ, ವ್ರತ, ಏಕಾದಶಿಗಳ ನೆನಪಿನಿಂದಲೇ.

ಅವರ ತವರು ಸೇಡಂ ಕಡೆಯ ಹಳ್ಳಿ, ಮಳಖೇಡಕ್ಕೆ ಹತ್ತಿರ. ಧಾತು ಸಂವತ್ಸರದಲ್ಲಿ, ಅಂದರೆ 1936ರಲ್ಲಿ, ಹದಿನಾಲ್ಕು ವರ್ಷಕ್ಕೆ ಮದುವೆಯಾಗಿ ಕಾಚಿಗೂಡಕ್ಕೆ ಬಂದರು. 1916ರಲ್ಲಿ ಕಟ್ಟಿದ ಕಾಚಿಗೂಡ ಸ್ಟೇಷನ್ ಆಗಿನ್ನೂ ಹೊಸದು. ಅಜ್ಜ ರೈಲ್ವೆಯಲ್ಲಿ ಗುಮಾಸ್ತ. ಸ್ಟೇಷನ್ ಮನೆಯ ಹತ್ತಿರವೇ ಇದ್ದರೂ ತವರಿಗೆ ಹೋಗಲು ಅಜ್ಜಿ ನಾಂಪಲ್ಲಿಗೆ ಹೋಗಬೇಕಿತ್ತು. ಕಾಚಿಗೂಡದ್ದು ಮೀಟರ್ ಗೇಜ್, ವಾಡಿ ಕಡೆಯದು ಬ್ರಾಡ್ ಗೇಜ್. ಆಷಾಢ ಬಹುಳ ಪಂಚಮಿಗೆ ಮಳಖೇಡದಲ್ಲಿ ಟೀಕಾರಾಯರ ಆರಾಧನೆ, ಸರಿಯಾಗಿ ಹದಿನೈದು ದಿನಕ್ಕೆ ನಾಗರ ಪಂಚಮಿ. ಆರಾಧನೆಗೆ ಅಂತ ಹೋದವರು ಅಣ್ಣನ ಮನೆಯಲ್ಲಿ ಜೋಕಾಲಿ ಆಡಿ, ಅಳ್ಳು, ತಂಬಿಟ್ಟು ಕಟ್ಟಿಸಿಕೊಂಡೇ ಬರುವುದು. ಭಕ್ತಿಯೂ ಆಯಿತು, ತವರೂ ಆಯಿತು!

ಈ ಮಳಖೇಡವೇ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ. ಕಾಚಿಗೂಡದಲ್ಲಿ ಕನ್ನಡಿಗರು ಕಟ್ಟಿದ ಶಾಲೆಗೆ ಅವನದೇ ಹೆಸರು. ನನ್ನ ತಂದೆ ಓದಿದ್ದು ಅಲ್ಲೇ. ಒಂದೇ ಊರು, ತಾಯಿಗೆ ಟೀಕಾರಾಯರದು, ಮಗನಿಗೆ ನೃಪತುಂಗನದು. ಶಾಲೆಯಲ್ಲಿ ಕಲಿತ ಕನ್ನಡ ಮನೆಯಲ್ಲಿ ಉಳಿದದ್ದು ಅಜ್ಜಿಯ ಹಾಡುಗಳಿಂದ. ವಾದಿರಾಜರ ಲಕ್ಷ್ಮೀ ಶೋಭಾನೆ ಅವರಿಗೆ ಪೂರ್ತಿ ಬಾಯಿಪಾಠ. ಬೀದಿಯಲ್ಲಿ ಉರ್ದು, ಪಕ್ಕದ ಮನೆಯಲ್ಲಿ ತೆಲುಗು, ಆದರೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಮೊಮ್ಮಕ್ಕಳೆಲ್ಲ ಕನ್ನಡದಲ್ಲಿ ಹಾಡಲೇಬೇಕು.

ಹಣಕಾಸಿನ ಮೊದಲ ಪಾಠವೂ ನನಗೆ ಅವರದೇ. ಹೈದರಾಬಾದ್ ಸಂಸ್ಥಾನದಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ. ಮಂತ್ರಾಲಯ ಮಾತ್ರ ತುಂಗಭದ್ರೆಯ ಆಚೆ, ಬ್ರಿಟಿಷರ ಆದವಾನಿ ತಾಲೂಕಿನಲ್ಲಿ. ಅಲ್ಲಿ ಕಲ್ದಾರ್ ರೂಪಾಯಿ ಬೇಕು. "ಏಳು ಕೊಟ್ರ ಆರು ಬರ್ತಾವ" ಅನ್ನುತ್ತಿದ್ದರು ಅಜ್ಜಿ. ಸರಿಯಾದ ಲೆಕ್ಕ! ನೂರು ಕಲ್ದಾರಿಗೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ. ರಾಯರ ಹುಂಡಿಗೆ ಹಾಕುವ ಹಣವನ್ನು ಮೊದಲೇ ಬದಲಾಯಿಸಿ ಸೆರಗಿನ ಗಂಟಿನಲ್ಲಿ ಕಟ್ಟಿಡುತ್ತಿದ್ದರಂತೆ. ಹಾಲಿ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ. ಆಮೇಲೂ ಎಷ್ಟೋ ವರ್ಷ ಅವರ ದೇವರ ಪೆಟ್ಟಿಗೆಯಲ್ಲಿ ಚಾರ್‌ಮಿನಾರ್ ಚಿತ್ರದ ನಾಣ್ಯಗಳಿದ್ದವು.

ದೊಡ್ಡ ಘಟನೆಗಳೂ ಅಜ್ಜಿಯ ಬಾಯಲ್ಲಿ ಹಬ್ಬಗಳ ಜೊತೆಗೇ ಬರುತ್ತಿದ್ದವು. ಸರ್ವಧಾರಿ ಸಂವತ್ಸರದ ಭಾದ್ರಪದದಲ್ಲಿ ರಜಾಕಾರರ ಭಯಕ್ಕೆ ಬಾಗಿಲು ಹಾಕಿಕೊಂಡು ಕೂತಿದ್ದರು. ಅನಂತ ಚತುರ್ದಶಿಯ ಹೊತ್ತಿಗೆ ಎಲ್ಲ ಮುಗಿಯಿತು ಅನ್ನುತ್ತಿದ್ದರು. ಪೊಲೀಸ್ ಕಾರ್ಯಾಚರಣೆ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. ಪಂಚಾಂಗ ನೋಡಿದರೆ ಅಜ್ಜಿ ಹೇಳಿದ್ದು ತಾಳೆಯಾಗುತ್ತದೆ.

ಆದರೆ ಅವರ ಮನಸ್ಸಿಗೆ ಹೆಚ್ಚು ನಾಟಿದ್ದು ದುರ್ಮುಖಿ ಸಂವತ್ಸರದ ದೀಪಾವಳಿ. 1956ರ ನವೆಂಬರ್ 1. ಗುಲ್ಬರ್ಗ, ರಾಯಚೂರು, ಬೀದರ ಮೈಸೂರು ರಾಜ್ಯಕ್ಕೆ ಹೋದವು, ಹೈದರಾಬಾದ್ ಆಂಧ್ರಪ್ರದೇಶಕ್ಕೆ. ಕನ್ನಡನಾಡು ಒಂದಾಯಿತು ಅಂತ ಎಲ್ಲ ಕಡೆ ಸಂಭ್ರಮ, ಅದು ಸರಿಯೇ. ಆದರೆ ಕಾಚಿಗೂಡದ ಕನ್ನಡಿಗರ ಮನೆಗಳು ಅದೇ ದಿನ ಒಡೆದವು. ಸರ್ಕಾರಿ ನೌಕರರನ್ನೂ ರಾಜ್ಯಗಳಿಗೆ ಹಂಚಿದರು. ಕಂದಾಯ ಖಾತೆಯಲ್ಲಿದ್ದ ಅಜ್ಜಿಯ ಮೈದುನನ ಹೆಸರು ಮೈಸೂರು ರಾಜ್ಯಕ್ಕೆ ಬಂತು. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಉಂಡ ಮನೆ ಎರಡಾಯಿತು.

ಪಾತ್ರೆ ಪಡಗ, ಹಾಸಿಗೆ ಎಲ್ಲ ಹಂಚಿಕೆಯಾಯಿತು. ಅಜ್ಜಿ ಎದುರು ಮಾತಾಡಲಿಲ್ಲ. ಒಂದಕ್ಕೆ ಮಾತ್ರ ಒಪ್ಪಲಿಲ್ಲ. "ರಾಜ್ಯ ಬೇಕಾದ್ರ ಅವರು ಹಂಚಿಕೊಳ್ಳಲಿ. ಅನಂತನ ಪೂಜಾ ಎರಡು ಮನ್ಯಾಗ ಮಾಡಂಗಿಲ್ಲ." ಅಂದಿನಿಂದ ಭಾದ್ರಪದ ಬಂತೆಂದರೆ ಬೆಂಗಳೂರು, ಗುಲ್ಬರ್ಗದಲ್ಲಿದ್ದವರೆಲ್ಲ ಕಾಚಿಗೂಡಕ್ಕೆ ಬರಲೇಬೇಕು, ಹದಿನಾಲ್ಕು ಗಂಟಿನ ಅನಂತನ ದಾರ ಕಟ್ಟಿಸಿಕೊಳ್ಳಲೇಬೇಕು. ನನ್ನ ಚಿಕ್ಕಂದಿನಲ್ಲಿ ಮೂವತ್ತು ನಲವತ್ತು ಎಲೆ ಬೀಳುತ್ತಿದ್ದವು. ಆ ಎರಡು ದಿನಗಳಲ್ಲೇ ಹೆಣ್ಣು ಗಂಡು ನೋಡುವುದು, ಹಳೆಯ ಮುನಿಸು ಬಿಡಿಸುವುದು, ಯಾರಿಗೆ ಕಾಲೇಜು ಫೀಸು ಬೇಕು ಅಂತ ಗುಟ್ಟಾಗಿ ವಿಚಾರಿಸುವುದು. ಕಚೇರಿಯ ಆದೇಶ ಒಡೆದ ಮನೆಯನ್ನು ಒಂದು ವ್ರತ ಅರವತ್ತು ವರ್ಷ ಹಿಡಿದಿಟ್ಟಿತು. ಅಜ್ಜಿಯ ಭಕ್ತಿ ಬೇರೆ, ಸಂಸಾರ ಬೇರೆ ಅಂತ ನನಗೆ ಎಂದೂ ಅನಿಸಲಿಲ್ಲ.

ಹಾಗೆಂದು ಅವರಿಗೆ ಅದು ಸುಲಭವಾಗಿತ್ತು ಎಂದಲ್ಲ. ಮಡಿಯಲ್ಲಿ ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತು, ಎಲ್ಲರ ಊಟವಾದ ಮೇಲೆ ಮೂರು ಗಂಟೆಗೆ ಉಣ್ಣುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ. ಈಗ ಯೋಚಿಸಿದರೆ ನಮ್ಮ ಒಗ್ಗಟ್ಟಿನ ಬೆಲೆಯನ್ನು ಹೆಚ್ಚಾಗಿ ಕೊಟ್ಟವರು ಅವರೇ, ಅವರ ಜೊತೆ ನಮ್ಮ ಅಮ್ಮ, ಕಾಕುಗಳು.

2014ರ ಜೂನ್ 2ಕ್ಕೆ ತೆಲಂಗಾಣ ಆಯಿತು. ಕಾಚಿಗೂಡ ಬಿಡದೆಯೇ ಅಜ್ಜಿ ನಿಜಾಮರ ಸಂಸ್ಥಾನ, ಹೈದರಾಬಾದ್ ರಾಜ್ಯ, ಆಂಧ್ರಪ್ರದೇಶ, ತೆಲಂಗಾಣ ನಾಲ್ಕನ್ನೂ ಕಂಡರು. 2016ರ ಶ್ರಾವಣದಲ್ಲಿ ತೀರಿಕೊಂಡರು. ಸಂವತ್ಸರ ಯಾವುದು ಗೊತ್ತೇ? ಮತ್ತೆ ದುರ್ಮುಖಿ. ಮನೆ ಒಡೆದ ವರ್ಷದಿಂದ ಲೆಕ್ಕ ಹಾಕಿದರೆ ಸರಿಯಾಗಿ ಒಂದು ಸುತ್ತು.

ಈಗ ಅನಂತನ ವ್ರತಕ್ಕೆ ನಮ್ಮ ಮನೆಯಲ್ಲಿ ಎಂಟು ಎಲೆ ಬಿದ್ದರೆ ಹೆಚ್ಚು. ಬೆಂಗಳೂರಿನ ಕಾಕಾನ ಮಕ್ಕಳು ಫೋನಿನಲ್ಲಿ ಪೂಜೆ ನೋಡುತ್ತಾರೆ. ಅಜ್ಜಿ ಹೇಳಿದ್ದ ಸಂವತ್ಸರ, ತಿಥಿಗಳನ್ನೆಲ್ಲ ಇಸವಿಗೆ ತಂದು ಒಂದು ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೇನೆ. ಯಾರು ಹುಟ್ಟಿದ್ದು, ಯಾರ ಮದುವೆ, ಯಾರು ಯಾವಾಗ ಊರು ಬಿಟ್ಟರು, ಎಲ್ಲ ಸೇರಿ ಹನ್ನೊಂದು ಪುಟ ಆಗಿದೆ. ಹೈದರಾಬಾದಿನಲ್ಲಿ ಬೆಳೆದ ಕನ್ನಡಿಗರೇ, ನಿಮ್ಮ ಮನೆಯಲ್ಲಿ ಇನ್ನೂ ಸಂವತ್ಸರದ ಹೆಸರು ಹೇಳಿ ಮಾತಾಡುವ ಹಿರಿಯರಿದ್ದರೆ ಈ ವಾರವೇ ಪೆನ್ನು ಹಿಡಿದು ಅವರ ಪಕ್ಕ ಕೂತುಕೊಳ್ಳಿ.