ವಿಚಾರಣೆಯಿಲ್ಲದ ಉಪಕಾರ: ಜಗಲಿ, ಅರವಟ್ಟಿಗೆ, ಹೊರೆಗಲ್ಲು

ದೇವಸ್ಥಾನಕ್ಕೆ ಗದ್ದೆ ಬಿಟ್ಟವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಬಿಸಿಲಿನಲ್ಲಿ ಬಂದ ದಾರಿಹೋಕನಿಗೆ ಒಂದು ಚೊಂಬು ನೀರು ಕೊಟ್ಟವಳ ಹೆಸರು ಎಲ್ಲೂ ಉಳಿಯುವುದಿಲ್ಲ. ನೆರೆಯವರಿಗೂ ಅಪರಿಚಿತರಿಗೂ ಮಾಡುವ ಸಣ್ಣ ಉಪಕಾರಗಳ ಚರಿತ್ರೆ ಬರೆಯುವುದು ಕಷ್ಟವಾಗಿರುವುದು ಈ ಕಾರಣಕ್ಕೆ. ಆದರೆ ಉಪಕಾರ ಮಾಡಿದವರು ಮರೆಯಾದರೂ ಅವರು ಮಾಡಿಟ್ಟ ಏರ್ಪಾಡುಗಳು ಕೆಲವು ಉಳಿದಿವೆ. ಅಂಥ ಮೂರನ್ನು ಇಲ್ಲಿ ಪರಿಶೀಲಿಸಿದ್ದೇನೆ: ಮನೆಯ ಜಗಲಿ, ಬೇಸಿಗೆಯ ಅರವಟ್ಟಿಗೆ, ದಾರಿಬದಿಯ ಹೊರೆಗಲ್ಲು. ಮೂರಕ್ಕೂ ಕೇಳಿರುವ ಪ್ರಶ್ನೆ ಒಂದೇ. ಉಪಕಾರ ಪಡೆಯುವ ಮುನ್ನ ದಾರಿಹೋಕ ತಾನು ಯಾರೆಂದು ಎಷ್ಟರಮಟ್ಟಿಗೆ ಹೇಳಿಕೊಳ್ಳಬೇಕಿತ್ತು?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದಯೆ ಎಷ್ಟು ಜನರನ್ನು ಮುಟ್ಟುತ್ತದೆ ಎಂಬುದನ್ನು ಕೊಡುವವರ ಮನಸ್ಸಿನಷ್ಟೇ ಆ ಏರ್ಪಾಡಿನ ರಚನೆಯೂ ತೀರ್ಮಾನಿಸುತ್ತದೆ. ವಿಚಾರಣೆ ಕಡಿಮೆಯಾದಷ್ಟೂ ದಯೆ ದೂರ ಹೋಗುತ್ತದೆ.

ನೆರೆಮನೆಯ ಲೆಕ್ಕ

ನೆರೆಹೊರೆಯ ಉಪಕಾರ ಬೇರೆ ಬಗೆಯದು. ಮೊಸರಿಗೆ ಹೆಪ್ಪು, ಒಂದು ಲೋಟ ಸಕ್ಕರೆ, ನಾಟಿಯ ದಿನ ಮುಯ್ಯಾಳು, ಆಸ್ಪತ್ರೆಗೆ ಹೋಗುವಾಗ ಮಕ್ಕಳನ್ನು ನೋಡಿಕೊಳ್ಳುವುದು: ಇವೆಲ್ಲ ಕೊಡು-ತೆಗೆದುಕೊಳ್ಳುವ ಸಂಬಂಧದೊಳಗೆ ನಡೆಯುತ್ತವೆ. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬ ರೂಢಿ ಈ ಲೆಕ್ಕವನ್ನು ಮುಗಿಯಗೊಡುವುದಿಲ್ಲ. ಮುಯ್ಯಿಗೆ ಮುಯ್ಯಿ ಎಂಬುದರಲ್ಲಿ ಸಣ್ಣತನವೇನೂ ಇಲ್ಲ, ಊರು ಬಾಳುವುದೇ ಅದರ ಮೇಲೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸದ ದಿನ ಅಕ್ಕಪಕ್ಕದವರು ಅನ್ನ ಸಾರು ಮಾಡಿ ತಂದಿಡುವುದು ಈ ಸಂಬಂಧದ ಅತ್ಯಂತ ಉದಾತ್ತ ರೂಪ. ಅಲ್ಲಿ ಯಾರೂ ಕೇಳುವುದಿಲ್ಲ, ಯಾರನ್ನೂ ಕೇಳಿಸುವುದೂ ಇಲ್ಲ.

ಅಪರಿಚಿತನ ಜೊತೆ ಇಂಥ ಲೆಕ್ಕ ಸಾಧ್ಯವಿಲ್ಲ. ಅವನು ಮತ್ತೆ ಈ ದಾರಿಯಲ್ಲಿ ಬರುತ್ತಾನೆಂಬ ಖಾತರಿಯಿಲ್ಲ. ಹಾಗಾಗಿ ಅವನಿಗೆ ಮಾಡಿದ ಉಪಕಾರದಲ್ಲಿ ಸಮಾಜದ ಮನಸ್ಸು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಜಗಲಿ

ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ ಮನೆಗಳು ಚದುರಿಕೊಂಡಿವೆ. ಒಂದೊಂದು ಮನೆಯೂ ತನ್ನ ತೋಟ ಗದ್ದೆಗಳ ನಡುವೆ ಒಂಟಿಯಾಗಿ ನಿಂತಿದೆ. ಅಲ್ಲಿ ನಡೆದು ಬಂದವನಿಗೆ ನೀರು ಸಿಗಬೇಕಾದದ್ದು ಮನೆಯಲ್ಲೇ. ಬಂದವರಿಗೆ ಮೊದಲು ಬೆಲ್ಲ-ನೀರು ಕೊಟ್ಟು, "ಆಸರಿಗೆ ಏನು ಬೇಕು?" ಎಂದು ಕೇಳುವ ಕ್ರಮ ದಕ್ಷಿಣ ಕನ್ನಡದ ಮನೆಗಳಲ್ಲಿ ಇಂದಿಗೂ ಇದೆ. ಬೆವರಿ ಬಂದ ದೇಹಕ್ಕೆ ನೀರಿನ ಜೊತೆ ಬೆಲ್ಲದ ತುಣುಕು ತಕ್ಷಣದ ಚೈತನ್ಯ ಕೊಡುತ್ತದೆ. ರಾತ್ರಿಯಾದರೆ ಜಗಲಿಯ ಮೇಲೆ ಚಾಪೆ ಹಾಸಿ ಮಲಗಲು ಬಿಡುವುದೂ ಇತ್ತು.

ಮೂರರಲ್ಲಿ ಅತ್ಯಂತ ಆತ್ಮೀಯವಾದದ್ದು ಇದು. ಹೆಚ್ಚು ವಿಚಾರಣೆ ನಡೆಯುತ್ತಿದ್ದದ್ದೂ ಇಲ್ಲೇ. "ಯಾವೂರಾಯ್ತು? ಯಾರ ಪೈಕಿ?" ಎಂಬ ಮಾತು ಪ್ರೀತಿಯ ಕುಶಲ ಪ್ರಶ್ನೆಯಾಗಿರುತ್ತಿತ್ತು, ಜಾತಿಯನ್ನು ತಿಳಿಯುವ ದಾರಿಯೂ ಆಗಿರುತ್ತಿತ್ತು. ಬಂದವರು ಕೊಡುವ ಉತ್ತರದ ಮೇಲೆ ಅವರ ಜಾಗ ನಿರ್ಧಾರವಾಗುತ್ತಿತ್ತು: ಕೆಲವರಿಗೆ ಒಳಗಿನ ಪಡಸಾಲೆ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳ. ಅಂಗಳದಲ್ಲಿ ನಿಂತವರಿಗೂ ನೀರು ಕೊಟ್ಟ ಮನೆಗಳಿದ್ದವು. ಆದರೆ ಅಂಗಳದಲ್ಲೇ ನಿಲ್ಲಿಸಿದರು ಎಂಬುದು ಆ ನೀರಿನ ಜೊತೆಗೇ ಸೇರಿಕೊಂಡಿತ್ತು.

ಅರವಟ್ಟಿಗೆ

ಬಯಲುಸೀಮೆಯ ಊರುಗಳು ಒಟ್ಟೊಟ್ಟಾಗಿ ಕಟ್ಟಿದವು. ಊರಿಗೂ ಊರಿಗೂ ನಡುವೆ ನೆರಳಿಲ್ಲದ ದೂರದ ದಾರಿ. ಮನೆ ದಾರಿಯ ಹತ್ತಿರ ಇಲ್ಲದಿರುವಲ್ಲಿ ನೀರೇ ದಾರಿಗೆ ಬರಬೇಕು. ಅರವಟ್ಟಿಗೆ ಬಯಲುಸೀಮೆಯಲ್ಲಿ ಅಷ್ಟು ಬಲವಾಗಿ ಬೇರೂರಲು ಈ ಭೂಗೋಳವೇ ಮುಖ್ಯ ಕಾರಣವೆಂದು ನನ್ನ ಊಹೆ. ಒಣ ಹವೆಯೂ ಅದಕ್ಕೆ ಅನುಕೂಲ. ಮಣ್ಣಿನ ಹರವಿಯ ಮೈಯಿಂದ ಒಸರುವ ನೀರು ಆವಿಯಾಗುವಾಗ ಒಂದು ಗ್ರಾಂಗೆ ಸುಮಾರು 580 ಕ್ಯಾಲೊರಿ ಶಾಖವನ್ನು ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕಾಗಿ ನಡೆಯುತ್ತದೆ. ಆದ್ದರಿಂದಲೇ ಹರವಿಯ ಕೆಳಗೆ ಒದ್ದೆ ಮರಳು, ಸುತ್ತ ಒದ್ದೆ ಬಟ್ಟೆ, ಮೇಲೆ ಗರಿಯ ಚಪ್ಪರ. ಕೆಲವರು ಲಾವಂಚದ ಬೇರನ್ನೂ ಹಾಕುತ್ತಾರೆ. ಕರಾವಳಿಯ ತೇವದ ಹವೆಯಲ್ಲಿ ಅದೇ ಹರವಿ ಅಷ್ಟು ತಂಪು ಕೊಡಲಾರದು.

ದಾರಿಯಲ್ಲಿ ನೀರಿಡುವ ಪದ್ಧತಿ ಬಹಳ ಹಳೆಯದು. ಅಶೋಕನ ಏಳನೆಯ ಸ್ತಂಭಶಾಸನ ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ಮನುಷ್ಯರಿಗೂ ಪಶುಗಳಿಗೂ ಕುಡಿಯುವ ನೀರಿನ ತಾಣಗಳನ್ನು ಮಾಡಿಸಿದ್ದನ್ನು ಹೇಳುತ್ತದೆ. ಕನ್ನಡ ಶಾಸನಗಳಲ್ಲಿ ಕೆರೆ, ಬಾವಿ, ಸತ್ರಗಳ ಜೊತೆಗೆ ಅರವಂಟಿಗೆಯೂ ಬರುತ್ತದೆ. ಅದು ನಿಂತುಹೋಗದಂತೆ ಭೂಮಿ ಬಿಡುತ್ತಿದ್ದರು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಮಂತ್ರಿಯಾಗಿದ್ದ ಹೇಮಾದ್ರಿ ತನ್ನ 'ಚತುರ್ವರ್ಗ ಚಿಂತಾಮಣಿ'ಯ ದಾನಖಂಡದಲ್ಲಿ ಪ್ರಪಾದಾನದ, ಅಂದರೆ ಅರವಟ್ಟಿಗೆ ಇಡುವ, ವಿಧಿಯನ್ನು ಪುರಾಣದಿಂದ ಎತ್ತಿ ಕೊಡುತ್ತಾನೆ. ಊರ ನಡುವೆಯೋ ದಾರಿಯಲ್ಲೋ ನೆರಳಿನ ಮಂಟಪ ಕಟ್ಟಿ ನೀರಿನ ಕೊಡಗಳನ್ನಿಡಬೇಕು. ಅದನ್ನು ಮಾಡಲು ಶಕ್ತಿಯಿಲ್ಲದವನು ದಿನಕ್ಕೊಂದು ಕೊಡ ನೀರನ್ನಾದರೂ ದಾನ ಮಾಡಬೇಕು. ಬಡವನಿಗೂ ಕೊಡುವ ಅವಕಾಶವನ್ನು ಈ ವಿಧಿ ಉಳಿಸಿರುವುದು ಗಮನಿಸಬೇಕಾದ ಸಂಗತಿ.

ಅದೇ ವಿಧಿಯಲ್ಲಿ ಇನ್ನೊಂದು ವಿವರವಿದೆ. ಮಂಟಪದ ನೀರನ್ನು ನೋಡಿಕೊಳ್ಳಲು ತಕ್ಕ ಸಂಬಳ ಕೊಟ್ಟು ಬ್ರಾಹ್ಮಣನೊಬ್ಬನನ್ನು ನೇಮಿಸಬೇಕು. ನೀರಿಗೂ ಬಾಯಾರಿದವನಿಗೂ ನಡುವೆ ಇಲ್ಲಿ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ. ಎತ್ತರದಿಂದ ಬೊಗಸೆಗೆ ನೀರು ಹೊಯ್ಯುವ ಕ್ರಮದಲ್ಲಿ ಎಂಜಲಾಗದಂತೆ ನೋಡಿಕೊಳ್ಳುವ ಶುಚಿಯೂ ಇತ್ತು, ಮುಟ್ಟದೆ ಕೊಡುವ ಅನುಕೂಲವೂ ಇತ್ತು. ಹೊಯ್ಯುವವನು ಕರುಣೆಯುಳ್ಳವನಾದರೆ ಎಲ್ಲರ ಬೊಗಸೆಯೂ ತುಂಬುತ್ತಿತ್ತು. ಅವನು ಅಂಥವನಲ್ಲದಿದ್ದರೆ?

ಒಂದು ರಾತ್ರಿಯ ಸಾಕ್ಷ್ಯ

ಈ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಡಾ. ಬಿ.ಆರ್. ಅಂಬೇಡ್ಕರ್ ಅವರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ಬರಹದಲ್ಲಿದೆ. 1901ರಲ್ಲಿ ಬಾಲಕ ಭೀಮರಾವ್ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ ಸತಾರೆಯಿಂದ ತಂದೆ ಇದ್ದ ಊರಿಗೆ ಹೊರಟಿದ್ದ. ಮಸೂರು ನಿಲ್ದಾಣದಲ್ಲಿ ಇಳಿದಾಗ ಸ್ಟೇಷನ್ ಮಾಸ್ತರರು ಈ ಒಳ್ಳೆಯ ಉಡುಪಿನ ಮಕ್ಕಳನ್ನು ಮೊದಲು ವಿಶ್ವಾಸದಿಂದಲೇ ವಿಚಾರಿಸಿದರು. ಮಹಾರ ಜಾತಿಯವರೆಂದು ತಿಳಿದ ಕೂಡಲೇ ಅವರ ಮುಖಭಾವ ಬದಲಾಯಿತು. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆಯಲು ಒಪ್ಪಿದ ಮೇಲೆಯೇ ಎತ್ತಿನ ಗಾಡಿ ಸಿಕ್ಕಿತು. ಬುತ್ತಿ ಜೊತೆಗಿತ್ತು, ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ, ಗಾಡಿಯವನು ಹೇಳಿಕೊಟ್ಟಂತೆ ತಾವು ಮುಸಲ್ಮಾನರೆಂದು ಹೇಳಿ ನೀರು ಕೇಳಿದರು. ಅಲ್ಲಿದ್ದವನು, ಬೇಕಿದ್ದರೆ ಗುಡ್ಡದ ಮೇಲೆ ಹೋಗಿ ತಂದುಕೊಳ್ಳಿ ಎಂದ. ಮಕ್ಕಳು ಉಣ್ಣದೆ ಮಲಗಿದರು.

ಇದು ಕರ್ನಾಟಕದ ಘಟನೆಯಲ್ಲ. ಆದರೆ ಇಂಥ ಅನುಭವದಿಂದ ನಮ್ಮ ದಾರಿಗಳೂ ಹೊರತಾಗಿರಲಿಲ್ಲ ಎಂಬುದನ್ನು ದಲಿತರ ಆತ್ಮಕಥೆಗಳನ್ನು ಓದಿದ ಯಾರೂ ಅಲ್ಲಗಳೆಯಲಾರರು. ಆ ದಾರಿಯಲ್ಲಿ ನೀರು ಇತ್ತು. ಬಹುಶಃ ಬೇರೆಯವರ ಪಾಲಿಗೆ ಆ ಮಾಸ್ತರರೂ ಒಳ್ಳೆಯವರೇ ಆಗಿದ್ದರು. ವಿಚಾರಿಸುವ ಮೊದಲು ಅವರಲ್ಲಿದ್ದ ವಿಶ್ವಾಸ ವಿಚಾರಿಸಿದ ಮೇಲೆ ಉಳಿಯಲಿಲ್ಲ. ಅಷ್ಟರೊಳಗೆ ಬದಲಾದದ್ದು ಮಕ್ಕಳು ಕೊಟ್ಟ ಉತ್ತರದಿಂದ ಮಾತ್ರ.

ಹೊರೆಗಲ್ಲು

ಹಳೇ ಮೈಸೂರು ಸೀಮೆಯ ಕೆಲವು ಹಳೆಯ ದಾರಿಗಳ ಪಕ್ಕದಲ್ಲಿ ಎರಡು ನೆಟ್ಟ ಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ಚಪ್ಪಡಿಯನ್ನು ಕಾಣಬಹುದು. ಇದೇ ಹೊರೆಗಲ್ಲು. ತಮಿಳುನಾಡಿನಲ್ಲಿ ಇದು ಸುಮೈತಾಂಗಿ, ಕೇರಳದಲ್ಲಿ ಅತ್ತಾಣಿ. ಬಸುರಿಯಾಗಿಯೇ ತೀರಿಕೊಂಡ ಹೆಣ್ಣಿನ ನೆನಪಿಗೆ ಇದನ್ನು ನಿಲ್ಲಿಸುವ ಪದ್ಧತಿ ತಮಿಳುನಾಡಿನಲ್ಲಿ ಪ್ರಸಿದ್ಧ. ಅವಳು ಇಳಿಸಲಾಗದೆ ಹೋದ ಭಾರವನ್ನು ದಾರಿಯ ಅಪರಿಚಿತರಾದರೂ ಇಳಿಸಿಕೊಳ್ಳಲಿ ಎಂಬ ಭಾವ ಅದರ ಹಿಂದಿದೆ.

ಇದರ ಉಪಯೋಗ ತಿಳಿಯಲು ತಲೆಹೊರೆಯ ಕಷ್ಟ ತಿಳಿದಿರಬೇಕು. ಸಿಂಬೆಯ ಮೇಲೆ ಸೌದೆ ಹೊರೆ ಹೊತ್ತ ಹೆಂಗಸಿಗೆ ನಡೆಯುವುದಕ್ಕಿಂತ ಕಷ್ಟದ ಕೆಲಸ ಇಳಿಸಿದ ಹೊರೆಯನ್ನು ಮತ್ತೆ ತಲೆಗೇರಿಸುವುದು. ನೆಲದಿಂದ ತಲೆಯವರೆಗೆ ಒಬ್ಬಳೇ ಎತ್ತಲಾಗದು. ಹಾಗಾಗಿ ಅವಳು ದಣಿದರೂ ಇಳಿಸುವುದಿಲ್ಲ. ಇಳಿಸಿದರೆ "ಒಸಿ ಹೊರೆ ಎತ್ತಿಸಿ ಹೋಗಣ್ಣ" ಎಂದು ಕೇಳಲು ಯಾರಾದರೂ ಬರುವವರೆಗೆ ಕಾಯಬೇಕು. ಬಂದವನು ಅವಳ ಹೊರೆಗೆ ಕೈ ಹಾಕಲು ಒಪ್ಪುವ ಜಾತಿಯವನೋ ಅಲ್ಲವೋ, ಒಂಟಿ ದಾರಿಯಲ್ಲಿ ಅವನನ್ನು ನಂಬಬಹುದೋ ಇಲ್ಲವೋ ಎಂಬ ಯೋಚನೆಗಳೂ ಇದ್ದೇ ಇರುತ್ತವೆ. ಹೊರೆಗಲ್ಲಿನ ಚಪ್ಪಡಿ ಹೆಚ್ಚು ಕಡಿಮೆ ಭುಜದೆತ್ತರಕ್ಕಿರುತ್ತದೆ. ಅದರ ಪಕ್ಕ ನಿಂತು ತುಸು ಬಗ್ಗಿದರೆ ಹೊರೆ ಕಲ್ಲಿಗೆ ಜಾರುತ್ತದೆ. ಸುಧಾರಿಸಿಕೊಂಡ ಮೇಲೆ ಮೊಣಕಾಲು ಬಾಗಿಸಿ ತಲೆ ಒಡ್ಡಿದರೆ ಅದೇ ಹೊರೆ ಸಿಂಬೆಯ ಮೇಲೆ ಬಂದು ಕೂರುತ್ತದೆ. ಯಾರ ಕೈಯೂ ಬೇಕಿಲ್ಲ.

ಮೂರು ಏರ್ಪಾಡುಗಳಲ್ಲಿ ವಿಚಾರಣೆ ಸಂಪೂರ್ಣವಾಗಿ ಇಲ್ಲವಾಗುವುದು ಇಲ್ಲಿ ಮಾತ್ರ. ನಿಲ್ಲಿಸಿದವರ ಮನಸ್ಸಿನಲ್ಲಿ ಭೇದ ಇದ್ದಿರಬಹುದು, ಕಲ್ಲಿಗೆ ಅದು ತಿಳಿಯದು. ಉಪಕಾರ ಮಾಡಿದವರು ಅಲ್ಲಿ ಇಲ್ಲ, ಆದ್ದರಿಂದ ಪಡೆದವರು ತಲೆತಗ್ಗಿಸುವ ಸಂದರ್ಭವೂ ಇಲ್ಲ.

ಅವಸರ ಮತ್ತು ಸಂಕೋಚ

ಮೊದಲೇ ಮಾಡಿಟ್ಟ ಉಪಕಾರ ಏಕೆ ಮುಖ್ಯ ಎಂಬುದಕ್ಕೆ ಮನೋವಿಜ್ಞಾನದಿಂದಲೂ ಬೆಂಬಲವಿದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಿನ್ಸ್‌ಟನ್ನಿನ ದೇವಶಾಸ್ತ್ರದ ವಿದ್ಯಾರ್ಥಿಗಳು ದಾರಿಯಲ್ಲಿ ಕುಸಿದು ಕೂತವನನ್ನು ದಾಟಿ ಹೋಗಬೇಕಿತ್ತು. ಅವಸರವಿಲ್ಲದವರಲ್ಲಿ ಶೇಕಡಾ 63 ಮಂದಿ ನೆರವಾದರು, ತುಂಬಾ ಅವಸರದಲ್ಲಿದ್ದವರಲ್ಲಿ ಶೇಕಡಾ 10 ಮಂದಿ ಮಾತ್ರ. ದಯೆಯ ಕಥೆಯೊಂದರ ಮೇಲೆಯೇ ಉಪನ್ಯಾಸ ಕೊಡಲು ಹೊರಟಿದ್ದವರು ಇತರರಿಗಿಂತ ಗಮನಾರ್ಹವಾಗಿ ಹೆಚ್ಚು ನೆರವಾಗಲಿಲ್ಲ. ಅವರು ಕೆಟ್ಟವರೆಂದು ಇದರಿಂದ ಸಿದ್ಧವಾಗುವುದಿಲ್ಲ. ಒಳ್ಳೆಯವರಿಗೂ ಹೊತ್ತಿಲ್ಲದ ಹೊತ್ತು ಇರುತ್ತದೆ, ಆಗ ಕೆಲಸಕ್ಕೆ ಬರುವುದು ಹೊತ್ತಿದ್ದಾಗ ಇಟ್ಟ ಕೊಡ, ನೆಟ್ಟ ಕಲ್ಲು.

ಇನ್ನೊಂದು ಅಡ್ಡಿ ಸಂಕೋಚದ್ದು. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ 2008ರಲ್ಲಿ ತೋರಿಸಿದಂತೆ, ನೆರವು ಕೇಳಬೇಕಾದವರು ಇತರರು ಒಪ್ಪುವ ಸಾಧ್ಯತೆಯನ್ನು ವಾಸ್ತವಕ್ಕಿಂತ ಬಹಳ ಕಡಿಮೆ ಅಂದಾಜು ಮಾಡುತ್ತಾರೆ. ಕೊಡುವ ಮನಸ್ಸಿನವರು ಎದುರಿಗಿದ್ದರೂ ಬಾಯಾರಿದವನು ಕೇಳದೆ ಮುಂದೆ ಹೋಗುತ್ತಾನೆ. ರಾಮನವಮಿಯ ಪಾನಕ-ಮಜ್ಜಿಗೆಯ ಚಪ್ಪರ ಈ ಸಂಕೋಚವನ್ನು ಕಳೆಯುತ್ತದೆ. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರಿಗಾಗಿ ದಾರಿಯ ಊರಿನವರು ರೊಟ್ಟಿ, ಹಣ್ಣು, ನೀರು, ಕಾಲುನೋವಿಗೆ ಎಣ್ಣೆ ಇಟ್ಟುಕೊಂಡು "ಬರ್ರಿ, ಉಂಡು ಹೋಗ್ರಿ" ಎಂದು ತಾವೇ ಕರೆಯುತ್ತಾರೆ. ಕರೆಯುವ ಕೆಲಸ ಕೊಡುವವರದಾದಾಗ ಕೇಳುವ ಕಷ್ಟ ಪಡೆಯುವವರಿಗೆ ಉಳಿಯುವುದಿಲ್ಲ.

ಕೊಡುವವರ ಮೇಲಿನ ವಿಚಾರಣೆ

ನಮ್ಮ ಕಾಲದಲ್ಲಿ ಈ ವಿಚಾರಣೆ ಕೊಡುವವರ ಕಡೆಗೂ ತಿರುಗಿತ್ತು. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸರು, ಕೋರ್ಟು ಎಂದು ಅಲೆಯಬೇಕಾಗುತ್ತದೆಂಬ ಭಯದಿಂದ ಜನ ಹಿಂದೆ ಸರಿಯುತ್ತಿದ್ದರು. ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲಿ ನೆರವಾದವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2016ರ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. 2020ರ ನಿಯಮಗಳ ಪ್ರಕಾರ ನೆರವಾದವರನ್ನು ಹೆಸರು, ವಿಳಾಸ ಹೇಳುವಂತೆ ಯಾರೂ ಒತ್ತಾಯಿಸುವಂತಿಲ್ಲ. ಹೊರೆಗಲ್ಲು ಪಡೆಯುವವರಿಗೆ ಕೊಟ್ಟಿದ್ದ ಬಿಡುಗಡೆಯನ್ನು ಈ ಕಾನೂನು ಕೊಡುವವರಿಗೆ ಕೊಟ್ಟಿದೆ.

ಮುಂದಿನ ಕೆಲಸ

ಎರಡು ಕೆಲಸಗಳು ತುರ್ತಾಗಿ ಆಗಬೇಕು. ಮೊದಲನೆಯದು, ರಸ್ತೆ ಅಗಲೀಕರಣದಲ್ಲಿ ಕಳೆದುಹೋಗುವ ಮುನ್ನ ಹೊರೆಗಲ್ಲುಗಳನ್ನು ಊರೂರಿನಲ್ಲಿ ಗುರುತಿಸಿ ದಾಖಲಿಸುವುದು. ಅವುಗಳಲ್ಲಿ ಬಹಳಷ್ಟರ ಮೇಲೆ ಬರಹವಿಲ್ಲ. ಬರಹವಿಲ್ಲದ ಕಲ್ಲನ್ನು ಕಾಯುವವರೂ ಇರುವುದಿಲ್ಲ.

ಎರಡನೆಯದು ಓದುಗರೆಲ್ಲರೂ ಮಾಡಬಹುದಾದದ್ದು. ಇಂದಿನ ದಾರಿಹೋಕರು ಮನೆಮನೆಗೆ ಊಟ, ಪಾರ್ಸೆಲ್ ತರುವ ಹುಡುಗರು, ಕಸ ಒಯ್ಯುವ ಪೌರಕಾರ್ಮಿಕರು, ತಳ್ಳುಗಾಡಿಯವರು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅವರು ಹೆಸರು, ಮೊಬೈಲ್ ನಂಬರು, ಹೋಗಬೇಕಾದ ಮನೆ ಎಲ್ಲವನ್ನೂ ಬರೆಸಿಯೇ ಒಳಗೆ ಬರಬೇಕು. ಭದ್ರತೆಗೆ ಆ ರಿಜಿಸ್ಟರು ಬೇಕಿರಬಹುದು, ನೀರಿಗೆ ಅದು ಬೇಕಿಲ್ಲ. ನಲ್ಲಿಯಿರುವ ಒಂದು ಹರವಿ, ತೊಳೆದ ಲೋಟ, ಕೂರಲು ಒಂದು ಕಲ್ಲುಬೆಂಚನ್ನು ಗೇಟಿನ ಹೊರಗೆ, ಕಾವಲುಗಾರನ ಮೇಜಿಗಿಂತ ಮೊದಲೇ ಸಿಗುವಂತೆ ಇಟ್ಟರೆ ಸಾಕು. ಹೇಮಾದ್ರಿ ಎತ್ತಿಕೊಟ್ಟ ವಿಧಿಯಿಂದ ದಿನಕ್ಕೊಂದು ಕೊಡ ಎಂಬುದನ್ನು ಇಟ್ಟುಕೊಳ್ಳೋಣ, ಕೊಡದ ಪಕ್ಕ ನೇಮಿಸಿದ್ದ ಆ ಒಬ್ಬನನ್ನು ಕೈಬಿಡೋಣ.