ಅಭಿಧಮನಿಗೆ ಹಾಯಿಸುವ ಲವಣದ್ರವ ಮತ್ತು ಬಿಳಿ ರಕ್ತಕಣ: ಒಂದು ಚಾರಿತ್ರಿಕ ಅವಲೋಕನ

1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಕಾಲರಾ ಹಬ್ಬಿದಾಗ ಥಾಮಸ್ ಲಟ್ಟಾ ಎಂಬ ವೈದ್ಯನು ರೋಗಿಗಳ ಅಭಿಧಮನಿಗೆ ಉಪ್ಪು ಮತ್ತು ಸೋಡಾ ಬೆರೆಸಿದ ನೀರನ್ನು ಹಾಯಿಸಿದನು. ಕಾಲರಾ ರೋಗಿಯ ರಕ್ತವು ನೀರನ್ನೂ ಲವಣಗಳನ್ನೂ ಕಳೆದುಕೊಂಡಿರುತ್ತದೆಂದು ವಿಲಿಯಂ ಓಶಾಗ್ನೆಸಿ ಅದಕ್ಕೆ ಸ್ವಲ್ಪ ಮೊದಲು ತೋರಿಸಿಕೊಟ್ಟಿದ್ದನು. ಮುಂದೆ ಕಲ್ಕತ್ತೆಗೆ ಬಂದು ಭಾರತದ ತಂತಿ ವ್ಯವಸ್ಥೆಗೆ ಅಡಿಪಾಯ ಹಾಕಿದವನೂ ಈತನೇ. ಇವರಿಬ್ಬರ ಲಕ್ಷ್ಯವಿದ್ದುದು ಕಳೆದುಹೋದುದನ್ನು ತುಂಬಿಕೊಡುವುದರತ್ತ ಮಾತ್ರ. ದ್ರವವು ರಕ್ತಕಣಗಳ ವರ್ತನೆಯನ್ನೇ ಬದಲಿಸಬಹುದೆಂಬ ಪ್ರಶ್ನೆ ಆಗ ಏಳುವಂತಿರಲಿಲ್ಲ.

1880ರ ದಶಕದ ಆರಂಭದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಮಿಡಿಯುತ್ತಿರಿಸಬಲ್ಲ ಲವಣಮಿಶ್ರಣವನ್ನು ರೂಪಿಸಿದನು. ಅದೇ ವರ್ಷಗಳಲ್ಲಿ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗಳಲ್ಲಿ ಭಕ್ಷಕ ಕೋಶಗಳನ್ನು ಗುರುತಿಸಿದನು. ಒಂದೇ ಕಾಲದಲ್ಲಿ ಹುಟ್ಟಿದ ಈ ಎರಡು ಶೋಧಗಳು ಪರಸ್ಪರ ಸಂಧಿಸಲು ಒಂದು ಶತಮಾನವೇ ಬೇಕಾಯಿತು. 1932ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ರಕ್ತದ ಆಮ್ಲತೆಯನ್ನು ತಗ್ಗಿಸಲು ರಿಂಗರ್ ದ್ರವಕ್ಕೆ ಲ್ಯಾಕ್ಟೇಟ್ ಸೇರಿಸಿದನು. ಇಂದಿನ ಆಸ್ಪತ್ರೆಗಳ 'ರಿಂಗರ್ ಲ್ಯಾಕ್ಟೇಟ್' ಇದೇ.

ಸಂಶಯ ಮೂಡಿದುದು ಯುದ್ಧಭೂಮಿಯಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಇಂತಹ ದ್ರವಗಳನ್ನು ಧಾರಾಳವಾಗಿ ಕೊಡಲಾಯಿತು. ರಕ್ತಸ್ರಾವದ ಆಘಾತದಿಂದ ಪಾರಾದ ಹಲವರು ಕೆಲವೇ ದಿನಗಳಲ್ಲಿ ಉಸಿರಾಟ ಸೋತು ಮರಣಹೊಂದಿದರು. ಡಾ ನಾಂಗ್‌ನ ಸೇನಾ ಆಸ್ಪತ್ರೆಯಿಂದಾಗಿ ಈ ಸ್ಥಿತಿಗೆ 'ಡಾ ನಾಂಗ್ ಶ್ವಾಸಕೋಶ' ಎಂಬ ಹೆಸರೇ ಬಂದಿತು. ಇದಕ್ಕೆ ದ್ರವವೊಂದೇ ಕಾರಣವೆನ್ನುವುದು ಸರಿಯಾಗದು. ಗಾಯ, ಸೋಂಕುಗಳ ಪಾತ್ರವೂ ಇತ್ತು.

1998ರಲ್ಲಿ ಪೀಟರ್ ರೀ ಮತ್ತು ಸಂಗಡಿಗರು ಹಂದಿಗಳಲ್ಲಿ ರಕ್ತಸ್ರಾವವುಂಟುಮಾಡಿ ಭಿನ್ನ ದ್ರವಗಳನ್ನು ಹೋಲಿಸಿದರು. ರಿಂಗರ್ ಲ್ಯಾಕ್ಟೇಟ್ ಪಡೆದ ಪ್ರಾಣಿಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಕೆರಳಿ, ರೋಗಾಣುಗಳನ್ನು ಕೊಲ್ಲಲು ಬಳಸುವ ತೀಕ್ಷ್ಣ ಆಮ್ಲಜನಕ ಸಂಯುಕ್ತಗಳನ್ನು ಹೆಚ್ಚಾಗಿ ಉತ್ಪಾದಿಸಿದವು. ಇಂತಹ ಕಣಗಳು ಶ್ವಾಸಕೋಶದ ಲೋಮನಾಳಗಳಲ್ಲಿ ಸಿಲುಕಿದರೆ ಅಲ್ಲಿನ ಅಂಗಾಂಶವೇ ಹಾನಿಗೊಳಗಾಗುತ್ತದೆ. ರಕ್ತವನ್ನೇ ಮರಳಿ ಪಡೆದ ಪ್ರಾಣಿಗಳಲ್ಲಿ ಈ ಕೆರಳಿಕೆ ಕಾಣಲಿಲ್ಲ. ಲ್ಯಾಕ್ಟೇಟಿನ 'ಡಿ' ರೂಪದ ಮೇಲೆ ಗುಮಾನಿ ಬಿದ್ದಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅದನ್ನು ಕೈಬಿಡುವಂತೆ ಶಿಫಾರಸು ಮಾಡಿತು.

ಶೇ. 7.5ರ ಗಾಢ ಲವಣದ್ರವದ ಕಥೆ ಬೇರೆ. ಅದು ಕೋಶಗಳಿಂದ ನೀರನ್ನು ಹೊರಸೆಳೆದು ನ್ಯೂಟ್ರೊಫಿಲ್‌ಗಳ ಉದ್ರೇಕವನ್ನು ತಗ್ಗಿಸುತ್ತದೆಂದು ಪ್ರಯೋಗಾಲಯಗಳು ತೋರಿಸಿದ್ದವು. ಆದರೆ 2010 ಮತ್ತು 2011ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಗಾಯಾಳುಗಳಿಗೆ ಅದರಿಂದ ನಿರೀಕ್ಷಿತ ಪ್ರಯೋಜನ ದೊರೆಯಲಿಲ್ಲ. ಕೋಶದ ಮೇಲಿನ ಪರಿಣಾಮವನ್ನೇ ರೋಗಿಯ ಉಳಿವಿನ ಅಳತೆಗೋಲೆಂದು ಭಾವಿಸಿದುದು ಆ ದಶಕದ ಆತುರವೆನ್ನಬೇಕು. ತೀವ್ರ ರಕ್ತಸ್ರಾವದ ಚಿಕಿತ್ಸೆಯು ಅನಂತರ ಲವಣದ್ರವವನ್ನು ಮಿತಗೊಳಿಸಿ, ಪ್ಲಾಸ್ಮಾ, ಕಿರುಬಿಲ್ಲೆ ಮತ್ತು ಕೆಂಪುಕಣಗಳನ್ನು ಆರಂಭದಲ್ಲೇ ಕೊಡುವತ್ತ ಹೊರಳಿತು.